ಯೋಗಾರ್ಥ, ರೂಢ್ಯರ್ಥ ಮತ್ತು ವೇದಿಕೆಯ ಬೋಧನೆ: ಪದವನ್ನು ಒಡೆದು ಅರ್ಥ ಹುಡುಕುವ ಪದ್ಧತಿಯ ಒಂದು ವಿಮರ್ಶೆ

ದಾವಣಗೆರೆಯು ವಿದ್ಯಾರ್ಥಿಗಳ ನಗರ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ರಾತ್ರಿ ದೀಪ ಹಚ್ಚಿಕೊಂಡು ಗ್ರೀಕ್ ಮತ್ತು ಲತೀನ್ ಪದಗಳನ್ನು ಬಾಯಿಪಾಠ ಮಾಡುವ ತರುಣರು ವರ್ಷವರ್ಷವೂ ಬರುತ್ತಲೇ ಇದ್ದಾರೆ. 'ಹೈಪರ್' ಎಂದರೆ ಹೆಚ್ಚು, 'ಹೈಪೋ' ಎಂದರೆ ಕಡಿಮೆ, ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ. ಮೊದಲಲ್ಲಿ ಬರುವ ಉಪಸರ್ಗ, ನಡುವಿನ ಧಾತು, ಕೊನೆಯ ಪ್ರತ್ಯಯ ಈ ಮೂರನ್ನು ಬಲ್ಲವನು ತಾನು ಹಿಂದೆಂದೂ ಕೇಳದ ರೋಗದ ಹೆಸರನ್ನೂ ಒಡೆದು ಅರ್ಥಮಾಡಿಕೊಳ್ಳಬಲ್ಲನು. ಈ ಕಲಿಕೆಯ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯಲಾರರು.

ಇದೇ ಪದ್ಧತಿಯು ನಮ್ಮ ಬೋಧನಾವೇದಿಕೆಗೂ ಬಂದಿದೆ. ದೈವಶಾಸ್ತ್ರದ ಪದವೊಂದನ್ನು ಎತ್ತಿಕೊಂಡು, ಅದರ ಮೂಲಧಾತು ಇದು, ಉಪಸರ್ಗ ಇದು, ಆದುದರಿಂದ ಈ ಪದದ ನಿಜವಾದ ಅರ್ಥ ಇದು ಎಂದು ಸಭೆಗೆ ತಿಳಿಸುವುದು ಪಾಂಡಿತ್ಯದ ಗುರುತೆನಿಸಿಕೊಂಡಿದೆ. ಸೆಮಿನರಿಯಲ್ಲಿ ಕಲಿತ ಒಂದಿಷ್ಟು ಲತೀನ್, ಗ್ರೀಕ್ ಮತ್ತು ಸಂಸ್ಕೃತ ಹೀಗೆ ಬಳಕೆಗೆ ಬರುತ್ತದೆ. ಈ ಪದ್ಧತಿಯು ಎಲ್ಲಿಯವರೆಗೆ ಸಾಧು, ಎಲ್ಲಿಂದಾಚೆಗೆ ಅಪಾಯಕಾರಿ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪ್ರಶ್ನೆಯು ವ್ಯಾಕರಣದ್ದೆಂದು ತೋರಿದರೂ ಅದರ ಫಲವನ್ನು ಅನುಭವಿಸುವವರು ವೈಯಾಕರಣರಲ್ಲ, ಸಭೆಯ ಜನರು.

ನನ್ನನ್ನು ಈ ಪರಿಶೀಲನೆಗೆ ಹಚ್ಚಿದ ಸಂದರ್ಭವನ್ನು ಮೊದಲು ಹೇಳಬೇಕು. ಈ ಸೀಮೆಯ ಒಂದು ಪ್ರಾರ್ಥನಾಕೂಟದಲ್ಲಿ ಬೋಧಕರೊಬ್ಬರು 'ಆರೋಗ್ಯ' ಎಂಬ ಪದವನ್ನು ವಿವರಿಸುತ್ತಿದ್ದರು. ಹರಿಹರದ ಆರೋಗ್ಯ ಮಾತೆಯ ಬಸಿಲಿಕದಿಂದಾಗಿ ಈ ಪದವು ಇಲ್ಲಿನ ಸರ್ವ ಮತಸ್ಥರಿಗೂ ಪರಿಚಿತ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಬೋಧಕರ ವಾದ ಹೀಗಿತ್ತು: 'ಅ' ಎಂಬುದು ನಿಷೇಧ, 'ರೋಗ' ಎಂಬುದು ವ್ಯಾಧಿ, ಆದುದರಿಂದ ಆರೋಗ್ಯವೆಂದರೆ ವ್ಯಾಧಿಯು ಲೇಶವೂ ಇಲ್ಲದಿರುವುದು. ಲತೀನಿನಲ್ಲಿ ಆರೋಗ್ಯಕ್ಕೂ ರಕ್ಷಣೆಗೂ 'ಸಾಲುಸ್' ಎಂಬ ಒಂದೇ ಪದ. ಪದ ಒಂದೇ ಆದ್ದರಿಂದ ವಸ್ತುವೂ ಒಂದೇ. ಹಾಗಾದರೆ ಪೂರ್ಣವಾಗಿ ರಕ್ಷಣೆ ಹೊಂದಿದವನ ದೇಹದಲ್ಲಿ ರೋಗಕ್ಕೆ ಸ್ಥಳವಿಲ್ಲ. ಕೂಟ ಮುಗಿದ ಮೇಲೆ, ಬಹುಕಾಲದಿಂದ ಕಾಯಿಲೆಯಲ್ಲಿದ್ದ ಒಬ್ಬ ತಾಯಿ ನನ್ನ ಬಳಿಗೆ ಬಂದು, "ಹಂಗಾದ್ರೆ ನನ್ನ ನಂಬಿಕೆ ಸುಳ್ಳೇನ್ರಿ, ಅಯ್ಯನೋರೇ?" ಎಂದು ಕೇಳಿದರು. ವ್ಯುತ್ಪತ್ತಿಯ ತಪ್ಪೊಂದು ಒಬ್ಬರ ನಂಬಿಕೆಯ ಬುಡಕ್ಕೆ ಕೊಡಲಿಯಾದುದನ್ನು ನಾನು ಅಂದು ಕಂಡೆ.

ಮೊದಲು ಈ ಪದ್ಧತಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಒಡೆದರೆ ಅರ್ಥ ಸಿಗುವ ಪದಗಳು ಇದ್ದೇ ಇವೆ. ಹರಿಹರ ಎಂಬ ಊರಿನ ಹೆಸರೇ ಅಂಥದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಒಂದೇ ವಿಗ್ರಹದ ಒಂದು ಅರ್ಧ ಹರಿ, ಇನ್ನೊಂದು ಅರ್ಧ ಹರ. ಹೆಸರಿನ ಎರಡು ಭಾಗಗಳು ಕಲ್ಲಿನಲ್ಲಿಯೇ ಕಾಣುತ್ತವೆ. ಊರಿನ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯೂ ಹಾಗೆಯೇ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುವುದನ್ನು ನೋಡಿದವನಿಗೆ ಸಮಾಸವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ವೈದ್ಯಶಾಸ್ತ್ರದ ಪಾರಿಭಾಷಿಕ ಪದಗಳೂ ಬಹುಮಟ್ಟಿಗೆ ಈ ಜಾತಿಗೆ ಸೇರಿದವು, ಏಕೆಂದರೆ ಅವುಗಳನ್ನು ಒಡೆದು ಓದಲೆಂದೇ ವಿದ್ವಾಂಸರು ಜೋಡಿಸಿದ್ದಾರೆ.

ಆದರೆ ಹತ್ತು ಮೈಲಿ ಆಚೆಗೆ ದಾವಣಗೆರೆಗೆ ಬಂದರೆ ಸಂಗತಿ ಬೇರೆ. ಕುದುರೆಗಳನ್ನು ಕಟ್ಟುವ ದಾವಣಿಯೂ ನೀರು ಕುಡಿಸುವ ಕೆರೆಯೂ ಸೇರಿ ಈ ಹೆಸರಾಯಿತು ಎನ್ನುವವರಿದ್ದಾರೆ. ದೇವನಗರಿಯೇ ದಾವಣಗೆರೆಯಾಯಿತು ಎನ್ನುವವರೂ ಇದ್ದಾರೆ. ಎರಡೂ ಕೇಳಲು ಇಂಪು. ಎರಡರಲ್ಲಿ ಯಾವುದು ನಿಜವಾದರೂ ಇಂದು ದಾವಣಗೆರೆ ಎಂಬ ಮಾತಿಗೆ ಇರುವ ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ವೈದ್ಯಶಾಸ್ತ್ರದಲ್ಲಿಯೂ ಹೀಗೆಯೇ. 'ಮಲೇರಿಯ' ಎಂಬ ಪದವನ್ನು ಒಡೆದರೆ ಇಟಲಿಯ ಭಾಷೆಯಲ್ಲಿ 'ಕೆಟ್ಟ ಗಾಳಿ' ಎಂದಾಗುತ್ತದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡ ಮೇಲೂ ಪದ ಬದಲಾಗಲಿಲ್ಲ. ವೈದ್ಯನು ಆ ಪದವನ್ನು ಬಳಸುತ್ತಾನೆ, ಆದರೆ ಅದರ ಧಾತುವನ್ನು ನಂಬಿ ಕಿಟಕಿ ಮುಚ್ಚಿಸಿ ಚಿಕಿತ್ಸೆ ಮುಗಿಸುವುದಿಲ್ಲ. ವೈದ್ಯನಿಗಿರುವ ಈ ಎಚ್ಚರ ಬೋಧಕನಿಗೆ ಬೇಡವೇ?

ಈ ಎಚ್ಚರವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಉಪಸರ್ಗವು ಧಾತುವಿನ ಅರ್ಥವನ್ನು ಬಲಾತ್ಕಾರವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂಬುದನ್ನು ಸಂಸ್ಕೃತ ವೈಯಾಕರಣರು ಬಹು ಹಿಂದೆಯೇ ಕಂಡುಕೊಂಡು, ಅದಕ್ಕೆ 'ಹೃ' ಧಾತುವನ್ನು ಉದಾಹರಣೆಯಾಗಿ ಕೊಡುತ್ತ ಬಂದರು. ಒಯ್ಯು, ಕಸಿದುಕೋ ಎಂಬುದು ಅದರ ಅರ್ಥ. ಅದಕ್ಕೆ 'ಪ್ರ' ಸೇರಿದರೆ ಪ್ರಹಾರ, 'ಆ' ಸೇರಿದರೆ ಆಹಾರ, 'ಸಂ' ಸೇರಿದರೆ ಸಂಹಾರ, 'ವಿ' ಸೇರಿದರೆ ವಿಹಾರ, 'ಪರಿ' ಸೇರಿದರೆ ಪರಿಹಾರ. ಏಟು, ಊಟ, ಕೊಲೆ, ಅಡ್ಡಾಟ, ನಿವಾರಣೆ: ಐದಕ್ಕೂ ತಾಯಿ ಒಬ್ಬಳೇ. ಸಾಂಪ್ರದಾಯಿಕ ವ್ಯುತ್ಪತ್ತಿಯಂತೆ ಹರಿಯೂ ಹರನೂ ಇದೇ ಧಾತುವಿನಿಂದಲೇ ಬಂದವರು. 'ಪಾಪಪರಿಹಾರ' ಎಂದು ನಾವು ನಿತ್ಯವೂ ಪ್ರಾರ್ಥನೆಯಲ್ಲಿ ಹೇಳುತ್ತೇವೆ. 'ಪರಿ' ಎಂದರೆ ಸುತ್ತಲೂ, 'ಹೃ' ಎಂದರೆ ಒಯ್ಯು ಎಂದು ಕೂಡಿಸಿ, ದೇವರು ಪಾಪವನ್ನು ಸುತ್ತ ಹೊತ್ತು ತಿರುಗುತ್ತಾನೆ ಎಂದು ಯಾರೂ ಬೋಧಿಸಿದ್ದಿಲ್ಲ. ಅಲ್ಲಿ ನಮ್ಮನ್ನು ಕಾಪಾಡುವುದು ಧಾತುಜ್ಞಾನವಲ್ಲ, ಬಳಕೆಯ ಜ್ಞಾನ.

ಭಾರತೀಯ ಶಬ್ದಶಾಸ್ತ್ರವು ಇದಕ್ಕೆ ಎರಡು ಹೆಸರುಗಳನ್ನು ಕೊಟ್ಟಿದೆ. ಅವಯವಗಳಿಂದ ಹುಟ್ಟುವ ಅರ್ಥವು ಯೋಗಾರ್ಥ. ಜನರ ಬಳಕೆಯಲ್ಲಿ ನೆಲೆನಿಂತ ಅರ್ಥವು ರೂಢ್ಯರ್ಥ. 'ಪಂಕಜ' ಎಂಬಲ್ಲಿ ಕೆಸರಿನಲ್ಲಿ ಹುಟ್ಟಿದುದು ಎಂಬ ಯೋಗಾರ್ಥವಿದ್ದರೂ ಕೆಸರಿನ ಹುಳುವನ್ನು ಯಾರೂ ಪಂಕಜವೆನ್ನರು. ಎರಡು ಅರ್ಥಗಳು ಎದುರಾದಾಗ ರೂಢಿಯೇ ಬಲಿಷ್ಠವೆಂಬುದು ಮೀಮಾಂಸಕರ ನಿರ್ಣಯ. ನಮ್ಮ ವೇದಿಕೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧವಾದುದು: ಸಭೆಯವರಿಗೆ ಗೊತ್ತಿರುವ ರೂಢ್ಯರ್ಥವನ್ನು ಹೊರಗಿನದೆಂದು ತಳ್ಳಿ, ಅವರಿಗೆ ಗೊತ್ತಿಲ್ಲದ ಯೋಗಾರ್ಥವನ್ನು ಒಳಗಿನ ಸತ್ಯವೆಂದು ಪ್ರತಿಷ್ಠಾಪಿಸುವುದು. ಗೊತ್ತಿಲ್ಲದುದನ್ನು ಪ್ರಶ್ನಿಸುವುದು ಹೇಗೆ? ಕೇಳುವವರು ತಲೆಬಾಗುತ್ತಾರೆ.

ಲತೀನ್ ಪಿತೃಗಳ ಕಾಲದಿಂದಲೂ ಈ ಆಕರ್ಷಣೆ ಇದ್ದೇ ಇದೆ. 636ರಲ್ಲಿ ತೀರಿಕೊಂಡ ಸೆವಿಲ್ಲಿನ ಇಸಿದೋರನು ಜಗತ್ತಿನ ಜ್ಞಾನವನ್ನೆಲ್ಲ ಪದಗಳ ಮೂಲದ ಮೂಲಕವೇ ವಿವರಿಸಲು ಹೊರಟ ಬೃಹದ್ಗ್ರಂಥವು ಮಧ್ಯಯುಗದ ಪ್ರತಿ ಮಠದಲ್ಲಿಯೂ ಓದಿಕೆಯಾಯಿತು. ಆದರೆ ಪಿತೃಗಳ ಸಾಕ್ಷ್ಯವನ್ನೇ ಸೂಕ್ಷ್ಮವಾಗಿ ನೋಡಿದರೆ ಪದ್ಧತಿಯ ಮಿತಿಯೂ ಅಲ್ಲಿಯೇ ಕಾಣುತ್ತದೆ. 'ರೆಲಿಗಿಯೊ' ಎಂಬ ಒಂದು ಪದವನ್ನು ತೆಗೆದುಕೊಳ್ಳಿ. 'ರೆ' ಎಂಬುದು 'ಮರಳಿ' ಎಂಬರ್ಥದ ಉಪಸರ್ಗ. ಧಾತು ಯಾವುದು? ಮರಳಿ ಮರಳಿ ಓದಿ ಪರಿಶೀಲಿಸುವುದು ಎಂದನು ಸಿಸೆರೊ. ಅಲ್ಲ, ಮರಳಿ ಕಟ್ಟುವುದು, ದೇವರಿಗೂ ಮನುಷ್ಯನಿಗೂ ಇರುವ ಕಟ್ಟು ಎಂದನು ಲಕ್ತಾನ್ಸಿಯನು. ಅಗಸ್ಟಿನನು ಒಂದೆಡೆ ಕಟ್ಟು ಎಂಬುದನ್ನೇ ಮೆಚ್ಚಿ, 'ದೇವನಗರ'ದ ಹತ್ತನೆಯ ಪುಸ್ತಕದಲ್ಲಿ ಕಳೆದುಕೊಂಡ ದೇವರನ್ನು ಮರಳಿ ಆರಿಸಿಕೊಳ್ಳುವುದು ಎಂದನು. ಒಂದು ಪದ, ಒಂದು ಉಪಸರ್ಗ, ಮೂರು ಧಾತುಗಳು. ಮೂರೂ ಆಳವಾದ ದೈವಶಾಸ್ತ್ರವೇ. ಆದರೆ ಮೂರರಲ್ಲಿಯೂ ದೈವಶಾಸ್ತ್ರವು ಮೊದಲು ಬಂದಿದೆ, ಧಾತುವು ಅದರ ಬೆನ್ನ ಹಿಂದೆ ನಡೆದಿದೆ. ಕನ್ನಡದಲ್ಲಿ ನಾವು ಅದೇ ವಿಷಯವನ್ನು 'ಧರ್ಮ' ಎನ್ನುತ್ತೇವೆ, ಧರಿಸು ಎಂಬ ಧಾತುವಿನಿಂದ. 'ಮತ' ಎನ್ನುತ್ತೇವೆ, ಮನನದ ಧಾತುವಿನಿಂದ. ಕಟ್ಟುವ ಧಾತುವಿಲ್ಲವೆಂದು ಕನ್ನಡಿಗನ ದೈವಸಂಬಂಧ ಸಡಿಲವಾಗಿಲ್ಲ.

ಸಭೆ ಎಂಬ ಅರ್ಥದ 'ಎಕ್ಲೇಸಿಯ' ಪದಕ್ಕೂ ಇದೇ ಗತಿ. 'ಎಕ್' ಎಂದರೆ ಹೊರಗೆ, ಉಳಿದ ಭಾಗ ಕರೆ ಎಂಬ ಧಾತು, ಆದುದರಿಂದ ಸಭೆಯೆಂದರೆ ಲೋಕದಿಂದ ಹೊರಗೆ ಕರೆಯಲ್ಪಟ್ಟವರು: ಈ ವಿವರಣೆಯನ್ನು ಕೇಳದ ಕ್ರೈಸ್ತನಿಲ್ಲ. ಆದರೆ ಎಫೆಸದ ರಂಗಸ್ಥಾನದಲ್ಲಿ ಪೌಲನ ವಿರುದ್ಧ ಕೂಗಾಡಿದ ಗುಂಪಿಗೂ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವು ಇದೇ ಪದವನ್ನು ಬಳಸುತ್ತದೆ. ಆ ಗುಂಪು ಯಾವ ಲೋಕದಿಂದ ಹೊರಗೆ ಕರೆಯಲ್ಪಟ್ಟಿತ್ತು? ಪದವು ಗ್ರೀಕಿನಿಂದ ಲತೀನಿಗೆ, ಅಲ್ಲಿಂದ ಪೋರ್ಚುಗೀಸಿಗೆ, ಅಲ್ಲಿಂದ ನಮ್ಮ ಕರಾವಳಿಗೆ ಬಂದು 'ಇಗರ್ಜಿ' ಆಯಿತು. ಇಗರ್ಜಿಯಲ್ಲಿ ಉಪಸರ್ಗವೂ ಇಲ್ಲ, ಧಾತುವೂ ಇಲ್ಲ, ಎರಡೂ ದಾರಿಯಲ್ಲಿ ಸವೆದುಹೋಗಿವೆ. ಆದರೂ ಇಗರ್ಜಿಗೆ ಹೋಗುವ ಅಜ್ಜಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದೆ.

ಈ ದೋಷವನ್ನು ವಿದ್ವತ್ಪೂರ್ಣವಾಗಿ ಬಯಲಿಗೆಳೆದವನು ಜೇಮ್ಸ್ ಬಾರ್. 1961ರಲ್ಲಿ ಪ್ರಕಟವಾದ ಬೈಬಲ್ ಭಾಷೆಯ ಅರ್ಥವಿಚಾರದ ಗ್ರಂಥದಲ್ಲಿ ಅವನು ಗೆರ್‌ಹಾರ್ಡ್ ಕಿಟೆಲ್ ಆರಂಭಿಸಿದ ಪ್ರಸಿದ್ಧ ದೈವಶಾಸ್ತ್ರೀಯ ನಿಘಂಟನ್ನು ಕಟುವಾಗಿ ವಿಮರ್ಶಿಸಿದನು. ಬಿಡಿ ಪದದ ಬೆನ್ನಿಗೆ ಇಡೀ ಸಿದ್ಧಾಂತವನ್ನು ಹೊರಿಸಬಾರದು. ಅರ್ಥವಿರುವುದು ವಾಕ್ಯದಲ್ಲಿ ಎಂಬುದು ಅವನ ವಾದದ ಸಾರ. ಕಿಟೆಲ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಬೇರೊಬ್ಬರು. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟೆಲ್ಲರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ ತಮ್ಮ ಮಹಾನಿಘಂಟನ್ನು 1894ರಲ್ಲಿಯೂ ಮಂಗಳೂರಿನಲ್ಲಿ ಪ್ರಕಟಿಸಿದರು. ತತ್ಸಮ, ತದ್ಭವ, ದೇಶ್ಯಗಳ ಮೂಲವನ್ನು ಅವರಷ್ಟು ಶ್ರದ್ಧೆಯಿಂದ ಹುಡುಕಿದವರು ವಿರಳ. ಆದರೂ ಅವರ ನಿಘಂಟು ಮೂಲವನ್ನು ಹೇಳಿ ಸುಮ್ಮನಾಗುವುದಿಲ್ಲ. ಕಾವ್ಯದ ಪ್ರಯೋಗವನ್ನೂ ಜನರ ಗಾದೆಯನ್ನೂ ಪಕ್ಕದಲ್ಲಿಟ್ಟು ಅರ್ಥವನ್ನು ನಿಲ್ಲಿಸುತ್ತದೆ. ಮೂಲವು ಪದದ ಜಾತಕ, ಪ್ರಯೋಗವು ಅದರ ಬಾಳು. ಇಬ್ಬರು ಕಿಟೆಲ್ಲರ ನಿಘಂಟುಗಳಲ್ಲಿ ನಮ್ಮ ಬೋಧಕರಿಗೆ ಮಾದರಿಯಾಗಬೇಕಾದುದು ನಮ್ಮ ನೆಲದ್ದು.

ಇಲ್ಲಿಯವರೆಗಿನ ವಿಚಾರವನ್ನು ನಿಷೇಧವೆಂದು ಮಾತ್ರ ತಿಳಿಯಬಾರದು. ಬಳಕೆಯನ್ನು ಅನುಸರಿಸುವ ಮಾರ್ಗವು ಸುಲಭವೂ ಅಲ್ಲ, ಸಡಿಲವೂ ಅಲ್ಲ. ಕ್ರಿಸ್ತನ ಮನುಷ್ಯತ್ವಸ್ವೀಕಾರವನ್ನು 'ಮನುಷ್ಯಾವತಾರ' ಎನ್ನಬಹುದೇ ಎಂಬ ಹಳೆಯ ಚರ್ಚೆಯನ್ನು ನೋಡೋಣ. 'ಅವ' ಎಂದರೆ ಕೆಳಕ್ಕೆ, 'ತೃ' ಎಂದರೆ ದಾಟು, ಅವತಾರವೆಂದರೆ ಕೆಳಗಿಳಿಯುವಿಕೆ. ಲತೀನ್ ಪದದಲ್ಲಿ 'ಇನ್' ಎಂದರೆ ಒಳಗೆ, ಧಾತುವು ಮಾಂಸವೆಂಬುದು. ಇಳಿಯುವುದು ಬೇರೆ, ಮಾಂಸವಾಗುವುದು ಬೇರೆ, ಆದುದರಿಂದ ಅವತಾರ ಪದ ಸಲ್ಲದು ಎಂದು ವಾದಿಸುವವರಿದ್ದಾರೆ. ಆದರೆ ನೈಸೀಯ ವಿಶ್ವಾಸಪ್ರಮಾಣವು ಪರಲೋಕದಿಂದ ಇಳಿದು ಬಂದನು ಎಂಬರ್ಥದ ಕ್ರಿಯಾಪದವನ್ನೂ ಮಾಂಸಧಾರಿಯಾದನು ಎಂಬರ್ಥದ ಕ್ರಿಯಾಪದವನ್ನೂ ಒಂದರ ಪಕ್ಕ ಒಂದು ಇಟ್ಟಿದೆ. ಯೋಗಾರ್ಥದ ನೆಲೆಯಲ್ಲಿ ಅವತಾರಕ್ಕೆ ಆಕ್ಷೇಪವೇ ಇಲ್ಲ. ನಿಜವಾದ ತೊಡಕಿರುವುದು ರೂಢಿಯಲ್ಲಿ: ಅವತಾರವೆಂದಾಗ ಕನ್ನಡಿಗನ ಮನಸ್ಸಿಗೆ ಬರುವುದು ಹತ್ತರಲ್ಲಿ ಒಂದು, ಯುಗಯುಗಕ್ಕೂ ಮರುಕಳಿಸುವುದು, ಕಾರ್ಯ ಮುಗಿದೊಡನೆ ಕಳಚಿಕೊಳ್ಳುವುದು. ಕ್ರಿಸ್ತನದು ಒಮ್ಮೆ ಮಾತ್ರ, ಎಂದೆಂದಿಗೂ. ಪದವನ್ನು ಬಿಡುವುದಾದರೂ ಉಳಿಸಿಕೊಂಡು ಹೊಸ ಬಳಕೆಯಿಂದ ತಿದ್ದುವುದಾದರೂ ನಿರ್ಣಯವು ಈ ನೆಲೆಯಲ್ಲಿ ಆಗಬೇಕು. ಉಪಸರ್ಗವನ್ನು ಹಿಡಿದು ವಾದಿಸಿದವರು ಉಭಯಪಕ್ಷದಲ್ಲಿಯೂ ಪ್ರಶ್ನೆಯನ್ನೇ ತಪ್ಪಿದ್ದಾರೆ.

ಇನ್ನು ಆರೋಗ್ಯಕ್ಕೂ ಆ ತಾಯಿಯ ಪ್ರಶ್ನೆಗೂ ಹಿಂದಿರುಗೋಣ. 'ಅ' ಮತ್ತು 'ರೋಗ' ಎಂದು ಒಡೆದಾದ ಮೇಲೆ ಅಲ್ಲಿಗೇ ಏಕೆ ನಿಲ್ಲಬೇಕು? ರೋಗವು 'ರುಜ್' ಧಾತುವಿನಿಂದ ಬಂದುದು. ಮುರಿ ಎಂದು ಅದರ ಅರ್ಥ. ಆರೋಗ್ಯವೆಂದರೆ ಮುರಿಯದಿರುವುದು ಎಂದಾದರೆ, ನಮಗಾಗಿ ಮುರಿಯಲ್ಪಟ್ಟ ಶರೀರವೆಂದು ನಾವು ಆಚರಿಸುವ ಕ್ರಿಸ್ತನಲ್ಲಿ ಆರೋಗ್ಯವಿಲ್ಲವೆನ್ನೋಣವೇ? 'ಸ್ವಸ್ಥ' ಎಂಬ ಪದವಂತೂ ಇನ್ನೂ ಕಷ್ಟದ್ದು. 'ಸ್ವ' ಎಂದರೆ ತಾನು, 'ಸ್ಥ' ಎಂದರೆ ನಿಂತವನು. ತನ್ನಲ್ಲಿಯೇ ನಿಂತವನು ಸ್ವಸ್ಥ. ಧಾತುವನ್ನು ನಂಬಿದರೆ ಇದು ಕೃಪೆಯ ಸುವಾರ್ತೆಗೆ ನೇರ ವಿರೋಧ. ಆದರೂ ಯೇಸು ರೋಗಿಗಳನ್ನು ಸ್ವಸ್ಥಮಾಡಿದನು ಎಂದು ಕನ್ನಡ ಬೈಬಲಿನಲ್ಲಿ ಓದಿ ಯಾರೂ ಎಡವಿಲ್ಲ.

'ಸಾಲುಸ್' ಪದದ ಬಂಧುವಾದ 'ಸಾಲ್ವುಸ್' ಮತ್ತು ನಮ್ಮ 'ಸರ್ವ' ಎರಡೂ ಇಡಿಯಾದುದು ಎಂಬರ್ಥದ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು ಎಂಬುದು ಭಾಷಾಶಾಸ್ತ್ರಜ್ಞರ ಸ್ಥಿರವಾದ ಅಭಿಪ್ರಾಯ. ರಕ್ತಸಂಬಂಧ ನಿಜ. ಆದರೆ ಕನ್ನಡದ ಸರ್ವಕ್ಕೆ ಆರೋಗ್ಯವೆಂಬ ಅರ್ಥವೂ ಇಲ್ಲ, ರಕ್ಷಣೆಯೆಂಬ ಅರ್ಥವೂ ಇಲ್ಲ. ಮೂಲ ಒಂದಾದ ಮಾತ್ರಕ್ಕೆ ಅರ್ಥ ಒಂದಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. 'ರಕ್ಷಕ'ನ ಮುಂದೆ 'ಆ' ಸೇರಿಸಿದರೆ 'ಆರಕ್ಷಕ'. ಠಾಣೆಯಲ್ಲಿ ಕುಳಿತವನನ್ನು ಯಾರೂ ಲೋಕರಕ್ಷಕನೆಂದು ಭ್ರಮಿಸುವುದಿಲ್ಲ.

ಗ್ರೀಕ್ ಸುವಾರ್ತೆಗಳಲ್ಲಿ 'ಸೋಜೊ' ಎಂಬ ಕ್ರಿಯಾಪದವು ಗುಣಪಡಿಸು, ರಕ್ಷಿಸು ಎಂಬ ಎರಡು ಅರ್ಥಗಳಲ್ಲಿಯೂ ಬರುತ್ತದೆ ಎಂಬುದು ಸತ್ಯ. ಆ ಬೋಧಕರ ಮಾತಿನಲ್ಲಿ ಇಷ್ಟರ ಮಟ್ಟಿಗೆ ಹುರುಳಿತ್ತು. ಆದರೆ ಎರಡು ಅರ್ಥಗಳಿರುವ ಪದವು ಪ್ರತಿ ಸಲವೂ ಎರಡನ್ನೂ ಹೇಳುತ್ತದೆಂದು ಭಾವಿಸುವುದು ತಪ್ಪು. ಲೂಕನ 7ನೆಯ ಅಧ್ಯಾಯದಲ್ಲಿ ಪಾಪಿಯಾದ ಹೆಂಗಸಿಗೆ ಯೇಸು ಇದೇ ಕ್ರಿಯಾಪದದಿಂದ ಮಾತಾಡುತ್ತಾನೆ. ಅವಳಿಗೆ ಯಾವ ರೋಗವಿತ್ತೆಂದೂ ಅಲ್ಲಿ ಹೇಳಿಲ್ಲ. 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದರು. ಅದಕ್ಕೆ ಲೂಕನು ಬಳಸಿದ ಕ್ರಿಯಾಪದ ಬೇರೆ. ಹಿಂದಿರುಗಿ ಬಂದ ಒಬ್ಬ ಸಮಾರ್ಯದವನಿಗೆ ಮಾತ್ರ 'ಸೋಜೊ' ಎಂಬ ಪದ ದೊರೆಯಿತು. ಹತ್ತು ಮಂದಿಗೆ ಆರೋಗ್ಯ ಬಂದಿತು. ಆ ಮಾತನ್ನು ಕೇಳಿಸಿಕೊಂಡವನು ಒಬ್ಬನೇ. ಇತ್ತ ಪೌಲನು ಮೂರು ಸಾರಿ ಬೇಡಿಕೊಂಡರೂ ಶರೀರದಲ್ಲಿ ನಾಟಿದ ಮುಳ್ಳು ಹೋಗಲಿಲ್ಲ, ಕೃಪೆಯು ಉಳಿಯಿತು. ಅವನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಡಬೇಕಾಯಿತು ಎಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಹೇಳುತ್ತದೆ. ತ್ರೊಫಿಮನ ನಂಬಿಕೆಯ ಮೇಲೆ ಅಲ್ಲಿ ಒಂದು ಮಾತಿನ ಆರೋಪವೂ ಇಲ್ಲ. ಆರೋಗ್ಯವು ರಕ್ಷಣೆಯ ಗುರುತಾಗಬಲ್ಲುದು, ಅದರ ಅಳತೆಗೋಲಾಗಲಾರದು.

ಕಡೆಯದಾಗಿ ಲತೀನಿನದೇ ಒಂದು ಸಾಕ್ಷ್ಯ. ಗ್ರೀಕರ 'ಸೋತೇರ್' ಎಂಬ ಬಿರುದನ್ನು ಒಂದೇ ಲತೀನ್ ಪದದಲ್ಲಿ ಹೇಳಲಾಗದು ಎಂದು ವೆರ್ರೆಸನ ಮೇಲಿನ ಆರೋಪಭಾಷಣದಲ್ಲಿ ಸಿಸೆರೊ ಬರೆದಿದ್ದಾನೆ. ಧಾತು ಅವನ ಕೈಯಲ್ಲೇ ಇತ್ತು, ಪ್ರತ್ಯಯವೂ ಇತ್ತು, ಆದರೂ ಪದವಿರಲಿಲ್ಲ. 'ಸಾಲ್ವಾತೋರ್', ಅಂದರೆ ರಕ್ಷಕ, ಎಂಬ ಪದವನ್ನು ಕ್ರೈಸ್ತರು ಬಳಕೆಗೆ ತಂದರು. ರಕ್ಷಕನು ಬರುವ ಮುನ್ನ ಈ ಪದವು ಲತೀನಿನಲ್ಲಿರಲಿಲ್ಲವೆಂದು ಅಗಸ್ಟಿನನು ತನ್ನ ಒಂದು ಪ್ರಸಂಗದಲ್ಲಿ ಒಪ್ಪಿಕೊಂಡಿದ್ದಾನೆ. ಪದಕ್ಕೆ ಅರ್ಥ ಬಂದುದು ಧಾತುವಿನಿಂದಲ್ಲ, ಬಂದವನಿಂದ. ನಮ್ಮ ಭಾಷಾಂತರಕಾರರೂ ಇದನ್ನು ಅರಿತಿದ್ದರು. ಬೈಬಲಿನ ಎರಡನೆಯ ಪುಸ್ತಕದ ಗ್ರೀಕ್ ಹೆಸರನ್ನು ಒಡೆದರೆ ಹೊರದಾರಿ ಎಂದಷ್ಟೇ ಆಗುತ್ತದೆ. ಕನ್ನಡದಲ್ಲಿ ಅದು 'ವಿಮೋಚನಕಾಂಡ'. ದಾರಿಯನ್ನು ಬಿಟ್ಟು, ಆ ದಾರಿಯಲ್ಲಿ ದೇವರು ಮಾಡಿದ ಕಾರ್ಯವನ್ನು ಅವರು ಹೆಸರಿಸಿದರು.

ಆದುದರಿಂದ ಬೋಧಕನು ಧಾತುಪಾಠವನ್ನು ಮರೆಯಬೇಕಾಗಿಲ್ಲ. ಪದವು ಎಲ್ಲಿಂದ ಬಂತು ಎಂದು ತಿಳಿಯಲಿ. ಅದು ಈ ವಾಕ್ಯದಲ್ಲಿ ಏನು ಮಾಡುತ್ತಿದೆ, ಈ ಲೇಖಕನು ಬೇರೆಡೆ ಅದನ್ನು ಹೇಗೆ ಬಳಸಿದ್ದಾನೆ, ನನ್ನ ಎದುರು ಕುಳಿತ ಜನರ ಕಿವಿಯಲ್ಲಿ ಅದು ಏನಾಗಿ ಕೇಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಬಳಿಕವೇ ವೇದಿಕೆ ಹತ್ತಲಿ. ಆ ತಾಯಿಗೆ ನಾನು ಅಂದು ಕೊಟ್ಟ ಉತ್ತರ ಚಿಕ್ಕದು: ಅಮ್ಮಾ, ನಿಮ್ಮ ನಂಬಿಕೆ ಸುಳ್ಳಲ್ಲ, ತ್ರೊಫಿಮನದೂ ಸುಳ್ಳಾಗಿರಲಿಲ್ಲ. ತ್ರೊಫಿಮನು ಯಾರೆಂದು ಅವರು ಕೇಳಿದರು. ಇಬ್ಬರೂ ಕುಳಿತು ಆ ವಚನವನ್ನು ಓದಿದೆವು.